ಮೇಸ್ತ್ರಿ ಒಪ್ಪಿಕೊಂಡ ತಪ್ಪು

ಮೇಸ್ತ್ರಿಯ ಎಡಗೈಯ ಎರಡು ಬೆರಳ ತುದಿ ಮಾತ್ರ ಮಗುವಿನ ಬೆರಳಿನಂತೆ ನುಣುಪಾಗಿದ್ದವು. ಉಳಿದ ಕೈಯೆಲ್ಲ ಸುಟ್ಟ ಕಲೆ, ಎಣ್ಣೆಯ ಮಸಿ. ಉಗಿಬಂಡಿಯ ಬಾಯ್ಲರ್‌ಗಳೊಳಗೆ ಕೂತು ಸುತ್ತಿಗೆ ಬಡಿದೂ ಬಡಿದೂ ಅವರ ಕಿವಿ ಮಂದವಾಗಿತ್ತು. ಬಾಯ್ಲರ್‌ನ ತಗಡುಗಳನ್ನು ಹಿಡಿದಿಡುವ ಬೋಲ್ಟು ಗಟ್ಟಿಯಿದೆಯೋ ಮುರಿದಿದೆಯೋ, ಬಡಿದರೆ ಸದ್ದಿನಲ್ಲೇ ತಿಳಿಯುತ್ತದೆ. ಕಿವಿಗೆ ಕೇಳದ ಆ ಸದ್ದನ್ನು ಅವರು ಬೋಲ್ಟಿನ ಮೇಲೆ ಆ ಎರಡು ಬೆರಳಿಟ್ಟು, ಅದರ ನಡುಕದಿಂದ ತಿಳಿಯುತ್ತಿದ್ದರು. "ಕಬ್ಣ ಸುಳ್ಳೇಳಲ್ಲ ಕಣ್ ಸಾ" ಅನ್ನುತ್ತಿದ್ದರು.

ತೊಂಬತ್ತರ ದಶಕದ ಮೊದಲ ವರ್ಷಗಳು. ನಾನು ಹಾಸನಕ್ಕೆ ಬಂದ ಹೊಸ ಇಂಜಿನಿಯರ್. ಹಳೆಯ ಕಿರಿದಾದ ಮೀಟರ್ ಗೇಜ್ ಹಳಿ ಕಿತ್ತು ಅಗಲದ ಹಳಿ ಹಾಕುವುದೆಂದು ತೀರ್ಮಾನವಾಗಿತ್ತು. ಅದಕ್ಕೆ ಮುಂಚೆ, ಶೆಡ್ಡಿನ ಮೂಲೆಯಲ್ಲಿ ತುಕ್ಕು ಹಿಡಿದಿದ್ದ ಹಳೆಯ ಉಗಿ ಇಂಜಿನ್ನೊಂದನ್ನು ದಿನದ ಗಾಡಿಗಳ ನಡುವೆಯೇ ಹೊಳೆನರಸೀಪುರದವರೆಗೆ ಜನರನ್ನು ಕೂರಿಸಿಕೊಂಡು ಕೊನೆಯದಾಗಿ ಒಮ್ಮೆ ಓಡಿಸೋಣ ಎಂದಾಯಿತು. ರಿಪೇರಿ ಮೇಸ್ತ್ರಿಯದು, ಓಡಬಹುದೆಂದು ಸಹಿ ಹಾಕುವುದು ನನ್ನದು.

ಎಂಟು ತಿಂಗಳು ಅವರು ಅದರ ಹೊಟ್ಟೆಯೊಳಗೇ ಇದ್ದರು. ನಿವೃತ್ತಿ ಹತ್ತಿರವಿತ್ತು. ಮನೆ ಹೊಳೆನರಸೀಪುರದಲ್ಲಿ. "ನಾನೇನು ಕೆಲ್ಸ ಮಾಡ್ತೀನಿ ಅಂತ ನಮ್ಮೆಂಗ್ಸು ಒಂದ್ಸಲನೂ ನೋಡಿಲ್ಲ. ಟೇಸನ್‌ಗೆ ಬಾ ಅಂದಿವ್ನಿ" ಎಂದು ನಾಚುತ್ತ ಹೇಳಿದ್ದರು.

ಉಗಿ ಏರಿಸಿ ಪರೀಕ್ಷೆ ಮಾಡಿಯಾಗಿತ್ತು. ಎಲ್ಲ ಸರಿಯಿತ್ತು. ಓಡಿಸುವ ಹಿಂದಿನ ದಿನ, ಯಾರೂ ಹೇಳದಿದ್ದರೂ, ತಣ್ಣಗಾಗಿದ್ದ ಇಂಜಿನ್ನಿನೊಳಗೆ ಮೇಸ್ತ್ರಿ ಇನ್ನೊಮ್ಮೆ ಇಳಿದರು. ಹೊರಬಂದಾಗ ಮುಖ ಬಿಳಿಚಿಕೊಂಡಿತ್ತು.

"ಸೈನ್ ಆಕ್ಬೇಡಿ ಸಾ. ಒಂದೇ ಸಾಲಲ್ಲಿ ಮೂರು ಬೋಲ್ಟು ಮುರ್ದೋಗವೆ."

"ಪರೀಕ್ಷೆಯಲ್ಲಿ ತಡೆದಿದೆಯಲ್ಲ ಮೇಸ್ತ್ರಿ? ಹೊಳೆನರಸೀಪುರದವರೆಗೆ ತಾನೆ?"

"ಬಾಯ್ಲರ್ ಸಿಡುದ್ರೆ? ಇಂದ್ಗಡೆ ಡಬ್ಬಿ ತುಂಬ ಜನ ಕೂತಿರ್ತಾರೆ. ಗೊತ್ತಾದ್ಮೇಲೆ ಎಂಗ್ ಸಾ ಬುಡಾದು?"

ನಾನು ಸಹಿ ಹಾಕಲಿಲ್ಲ. ಮರುದಿನ ಒಳ್ಳೆ ಬಟ್ಟೆ ತೊಟ್ಟು ಬಂದಿದ್ದ ಜನ ಬಯ್ಯುತ್ತ ವಾಪಸ್ಸಾದರು. ಮೇಲಧಿಕಾರಿ ಫೋನಿನಲ್ಲಿ ಕೂಗಾಡಿದಾಗ ನಾನು ಹೆದರಿ, "ಮೇಸ್ತ್ರಿ ಕೆಲಸ ಸರಿಯಾಗಿ ಮಾಡಿಲ್ಲ ಸಾರ್" ಎಂದುಬಿಟ್ಟೆ.

ವಾರದಲ್ಲಿ ಅವರ ಹೆಸರಿಗೆ ನೋಟಿಸು ಬಂತು. ಕನ್ನಡಕ ತಂದಿಲ್ಲ, ಓದಿ ಎಂದು ನನ್ನ ಕೈಗೇ ಕೊಟ್ಟರು. ನನ್ನ ಸುಳ್ಳನ್ನು ನಾನೇ ಅವರ ಕಿವಿಯ ಬಳಿ ಕೂಗಿ ಓದಬೇಕಾಯಿತು. ಕೇಳಿಸಿಕೊಂಡು ನೋಟಿಸನ್ನು ಮಡಚಿ ಜೇಬಿಗಿಟ್ಟರು. ಆಮೇಲೆ, "ನಂದೇ ತಪ್ಪು ಅಂತ ಬರ್ಕೊಡಿ, ರುಜು ಆಕ್ತೀನಿ. ನಿಮ್ದಿನ್ನೂ ನೌಕ್ರಿ ಬಾಳ ವರ್ಸ ಐತೆ" ಎಂದರು. ನಾನು ಬರೆದುಕೊಟ್ಟೆ.

ಅವರು ನಿವೃತ್ತರಾದರು. ಹಳಿ ಕಿತ್ತರು. ಆ ಇಂಜಿನ್ ಓಡಲೇ ಇಲ್ಲ.

ಹತ್ತು ಹನ್ನೆರಡು ವರ್ಷ ಕಳೆದ ಮೇಲೆ ಅವರು ತೀರಿಕೊಂಡ ಸುದ್ದಿ ಬಂದು ಹೊಳೆನರಸೀಪುರಕ್ಕೆ ಹೋದೆ. ಮೇಸ್ತ್ರಿಯ ಹೆಂಡತಿ ಚಾಪೆ ಹಾಸಿ ಕೂರಿಸಿ, ಮೆಲ್ಲಗೆ ಕೇಳಿದರು: "ಕೆಲ್ಸ ಕೆಡಿಸ್ದೆ ಅಂತ ಅವ್ರೇ ಬರ್ಕೊಟ್ಟಿದ್ರಂತೆ. ದಿಟವಾ ಸಾ?"

ನಡೆದದ್ದನ್ನೆಲ್ಲ ಹೇಳಿದೆ. ಒಂದೂ ಮುಚ್ಚಿಡಲಿಲ್ಲ. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಇದ್ನ ಅವ್ರಿದ್ದಾಗ್ಲೇ ಬಂದು, ಅವ್ರ ಮುಂದೇನೇ ನನ್ಗೆ ಏಳ್ಬಾರ್ದಾಗಿತ್ತಾ ಸಾ?"