ಮೂಸಿ ನೋಡಿದ ಫ್ರೆಂಚ್ ಬ್ರಾಂದಿ

“ಕುಡಿಯುದು ಬೇಡ ಭಟ್ರೇ, ಬರೀ ಮೂಸಿ ನೋಡಿ ಮಾರಾಯ್ರೆ,” ಎಂದು ನಮ್ಮ ಹೋಟೆಲಿನ ಧಣಿಗಳು ಗಾಜಿನ ಲೋಟವನ್ನು ನನ್ನ ಮೂಗಿನ ಬಳಿ ಹಿಡಿದರು. ಪಾನನಿರೋಧವಿದ್ದ ಮದರಾಸಿನಲ್ಲಿ, ಕುಡಿಯಲು ಸರಕಾರದ ಪರ್ಮಿಟ್ ಇದ್ದ ಫ್ರೆಂಚ್ ದೊರೆಯೊಬ್ಬರ ಕೋಣೆಯಲ್ಲಿ ನಿಂತಿದ್ದೆವು. ಅಡುಗೆಯವನಾದ ನಾನು ನೈವೇದ್ಯವಾಗದೆ ಯಾವುದರ ರುಚಿಯನ್ನೂ ನೋಡುವುದಿಲ್ಲ. ಸಾರಿನ ಉಪ್ಪನ್ನೂ ಪರಿಮಳದಲ್ಲೇ ತಿಳಿಯುತ್ತೇನೆ. ದಿನವೂ ನಮ್ಮಲ್ಲಿ ಉಣ್ಣುತ್ತಿದ್ದ ದೊರೆ ಇದನ್ನು ನಂಬಿರಲಿಲ್ಲ. ಅದಕ್ಕೇ ಈ ಪರೀಕ್ಷೆ.

ಹೆದರುತ್ತಲೇ ಮೂಸಿದೆ. “ತುಪ್ಪದಲ್ಲಿ ಹುರಿದ ದ್ರಾಕ್ಷಿ, ಹಳೇ ಮರದ ಪೆಟ್ಟಿಗೆ, ಮತ್ತೆ ಸ್ವಲ್ಪ ಹಲಸಿನ ಹಣ್ಣು,” ಎಂದೆ. ಧಣಿಗಳು ಇಂಗ್ಲಿಷಿನಲ್ಲಿ ತಿಳಿಸಿದ ಕೂಡಲೇ ದೊರೆ ಕುರ್ಚಿಯಿಂದ ಎದ್ದರು. ಅದು ದ್ರಾಕ್ಷಿಯ ಬ್ರಾಂದಿಯಂತೆ. ಅವರ ಅಜ್ಜ ಮರದ ಪೀಪಾಯಿಯಲ್ಲಿ ತುಂಬಿಟ್ಟು, ರುಚಿ ನೋಡುವ ಮೊದಲೇ ತೀರಿಕೊಂಡರಂತೆ.

ಕುತೂಹಲ ತಡೆಯಲಾಗಲಿಲ್ಲ. ಲೋಟವನ್ನು ಎತ್ತಿ, ತುಟಿಗೆ ತಾಗಿಸದೆ, ಮೇಲಿನಿಂದ ಬಾಯಿಗೆ ಹೊಯ್ದುಕೊಂಡೆ. ಬರೀ ಬೆಂಕಿ! ದ್ರಾಕ್ಷಿಯೂ ಇಲ್ಲ, ಹಲಸೂ ಇಲ್ಲ. ಧಣಿಗಳು ತಲೆಯ ಮೇಲೆ ಕೈಹೊತ್ತು ಕುಳಿತರು.

ಮತ್ತೆಂದೂ ಅದನ್ನು ಮುಟ್ಟಿಲ್ಲ. ಆದರೆ ಪಾಯಸಕ್ಕೆ ದ್ರಾಕ್ಷಿ ಹುರಿಯುವಾಗ ಇಂದಿಗೂ ಕೈಯ ಸೌಟು ಒಂದು ಕ್ಷಣ ನಿಲ್ಲುತ್ತದೆ. ಕಾಣದ ಊರಿನ ಆ ಅಜ್ಜ ನನ್ನ ಅಡುಗೆಮನೆಗೆ ಬಂದು ಹೋಗುತ್ತಾರೆ.