ನಾಲ್ಕು ಬೆರಳು ಇಳಿದ ಹಗ್ಗ

ಇದನ್ನು ಹೇಳಬೇಕೆಂದು ಎಷ್ಟು ಸಲ ಬಾಯಿ ತೆರೆದು, ಮಳೆ-ಬೆಳೆಯ ಮಾತಾಡಿ ಎದ್ದು ಬಂದಿದ್ದೇನೋ. ಹೋದ ವಾರ ಮೂಡಲಗಿಗೆ ಹೊರಟ ಬಸ್ಸು ಅರಭಾವಿಯಲ್ಲಿ ನಿಂತಿತ್ತು. ಕಿಟಕಿಯಾಚೆ ಕಾಲೇಜಿನ ಹುಡುಗರು ವಾಲಿಬಾಲ್ ನೆಟ್ಟು ಕಟ್ಟುತ್ತಿದ್ದರು. ಒಬ್ಬ ಹಗ್ಗ ಹಿಡಿದಿದ್ದ, ಇನ್ನೊಬ್ಬ ಕೋಲಿನಿಂದ ಎತ್ತರ ಅಳೆದು, "ಇನ್ನೂ ಜಗ್ಗಲೇ, ಇಳದೈತಿ" ಎಂದ. ಅವನು ಹೇಳಿದ್ದು ನನಗಲ್ಲ. ಆದರೂ ತಲೆ ತಗ್ಗಿಸಿದೆ.

ಈಗ ಮೆಟ್ಟಿಲು ಹತ್ತುವಾಗ ಏದುಸಿರು ಬಿಡುವ ನನ್ನನ್ನು ನೋಡಿದರೆ ನೀವು ನಂಬಲಿಕ್ಕಿಲ್ಲ, ಒಂದು ಕಾಲಕ್ಕೆ ಕೊಣ್ಣೂರಿನ ತಂಡಕ್ಕೆ ನಾನೇ ಲಿಫ್ಟರ್. ಚೆಂಡನ್ನು ನೆಟ್ಟಿನ ಮೇಲೆ ಹದವಾಗಿ ಎತ್ತಿಕೊಡುವವನು. ಹಾರಿ ಹೊಡೆಯುವವರು ಬೇರೆ. ಚಪ್ಪಾಳೆಯೆಲ್ಲ ಚೆಂಡು ಹೊಡೆದವನಿಗೆ, ಬೈಗುಳ ಎತ್ತಿಕೊಟ್ಟವನಿಗೆ. ಆದರೂ ಮ್ಯಾಟ್ರಿಕ್ ಮುಗಿಸಿ ಕಬ್ಬಿನ ಹೊಲಕ್ಕೆ ಇಳಿದವನಿಗೆ ಊರು ಕೊಟ್ಟ ಹುದ್ದೆ ಅದೊಂದೇ.

ಒಂದು ವರ್ಷ ಕಬ್ಬು ಹೇರುವಾಗ ನನ್ನ ಬೆರಳು ಮುರಿಯಿತು. ನನ್ನ ಜಾಗಕ್ಕೆ ತುಕ್ಕಾನಟ್ಟಿಯ ಹುಡುಗನೊಬ್ಬನನ್ನು ಹುಡುಕಿದರು. ನಮ್ಮೂರಲ್ಲಿ ಅಕ್ಕನ ಮನೆಯಲ್ಲಿದ್ದ. ಉದ್ದನೆಯ ಆಳು, ಮಾತು ಕಡಿಮೆ. ಕ್ಯಾಪ್ಟನ್ ಹೇಳಿದ: "ಮೂಡಲಗಿ ಆಟಕ್ಕ ಒಂದ ತಿಂಗಳೈತಿ. ಇವನ್ನ ತಯಾರ ಮಾಡೂದು ನಿನ್ನ ಪಾಲು. ಅಲ್ಲಿ ನಿಂತ್ರ ಇಂವಾ, ಇಲ್ಲಂದ್ರ ಬ್ಯಾರೆದಾಂವನ್ನ ನೋಡೂಣು."

ಕಲಿಸಲಿಲ್ಲ ಎಂದರೆ ಸುಳ್ಳಾದೀತು. ದಿನಾ ಸಂಜೆ ಮೊಣಕಾಲು ಬಗ್ಗಿಸುವುದು, ಚೆಂಡಿನ ಕೆಳಗೆ ಮೊದಲೇ ಹೋಗಿ ನಿಲ್ಲುವುದು ಎಲ್ಲ ಹೇಳಿಕೊಟ್ಟೆ. ಹತ್ತೇ ದಿನಕ್ಕೆ ಅವನ ಕೈ ನನ್ನ ಕೈಗಿಂತ ಹಗುರಾಯಿತು. ನನಗೆ ಹೊಟ್ಟೆಕಿಚ್ಚು.

ನೆಟ್ಟಿನ ಹಗ್ಗ ಬಿಗಿಯುವುದು ನನ್ನ ಕೆಲಸ. ಹಳೆಯ ಹಗ್ಗ, ದಿನಕ್ಕಿಷ್ಟು ಸಡಿಲಾಗುತ್ತಿತ್ತು. ನಾಲ್ಕು ಬೆರಳು ಇಳಿದದ್ದು ಕಂಡೆ, ಬಿಗಿಯಲಿಲ್ಲ. ಮೊದಲ ದಿನ ಅದು ಸೋಮಾರಿತನ. ಮರುದಿನದಿಂದ ಅಲ್ಲ. ಹೊಡೆಯುವ ಹಳಬರು ಕಬ್ಬಿನ ಹಂಗಾಮಿನಲ್ಲಿ ಅಭ್ಯಾಸಕ್ಕೆ ಬರುತ್ತಿರಲಿಲ್ಲ, ಹಾಗಾಗಿ ಯಾರಿಗೂ ತಿಳಿಯಲಿಲ್ಲ. ಹುಡುಗನ ಕೈ ಆ ತಗ್ಗಿನ ನೆಟ್ಟಿಗೇ ಪಳಗಿತು.

ಮೂಡಲಗಿಯಲ್ಲಿ ನೆಟ್ಟು ಸರಿಯಾದ ಎತ್ತರಕ್ಕಿತ್ತು. ಅವನು ಎತ್ತಿಕೊಟ್ಟ ಚೆಂಡೆಲ್ಲ ತಗ್ಗಿನಲ್ಲೇ ಉಳಿದು, ನಮ್ಮವರು ಹೊಡೆದದ್ದೆಲ್ಲ ನೆಟ್ಟಿಗೆ ಬಡಿಯಿತು. "ಏ ತಮ್ಮಾ, ಚೆಂಡ ಎತ್ತೋ, ರೊಟ್ಟಿ ಬಡೀಬ್ಯಾಡ!" ಎಂದು ಯಾರೋ ಕೂಗಿದರು. ಮಂದಿ ನಕ್ಕಿತು. ಸೋತು ಬಂದ ಕ್ಯಾಪ್ಟನ್ ನನ್ನನ್ನೇ ಹಿಡಿದ: "ಏನ ಕಲಿಸೀಯೋ ಇವಂಗ?"

"ಕೈಯಾಗ ದಮ್ಮಿಲ್ಲ, ನಾ ಏನ ಮಾಡ್ಲಿ?" ಎಂದೆ.

ಹುಡುಗನಿಗೆ ಕೇಳಿಸಿತ್ತು. ತಿರುಗಿ ಬರುವಾಗ ಟೆಂಪೋದಲ್ಲಿ ನನ್ನ ಬಾಜೂಕ್ಕೆ ಸರಿದು ಕೂತ. "ತಪ್ಪು ನಂದರಿ, ಅಣ್ಣಾರ. ಬರೂ ವಾರ ಹುಕ್ಕೇರಿದು ಒಂದ ಆಟ ಕೊಡಸ್ರಿ. ನಿಮ್ಮ ಹೆಸರ ಕೆಡಸೂದಿಲ್ಲ."

ಕ್ಯಾಪ್ಟನ್ನನನ್ನು ಕಾಡಿ ಕೊಡಿಸಿದೆ. ಮರುದಿನ ಮಧ್ಯಾಹ್ನ, ಯಾರೂ ಇಲ್ಲದಾಗ, ನೋಯುವ ಬೆರಳಿನಲ್ಲೇ ಹಗ್ಗ ಬಿಗಿದೆ.

ಸಂಜೆ ಅವನ ಮೊದಲ ಚೆಂಡು ತಗ್ಗಿಗೆ ಬಿತ್ತು. ಎರಡನೆಯದೂ. ಕಂಬದ ಪಕ್ಕ ನಿಂತು ಕೈ ಎತ್ತಿ ನೋಡಿದ. ದಿನಾ ಹಗ್ಗಕ್ಕೆ ತಾಗುತ್ತಿದ್ದುದು ಅವನ ಅಂಗೈ. ಅಂದು ಬೆರಳ ತುದಿ. ಕಂಬದ ಗಂಟನ್ನು ಮುಟ್ಟಿ ನೋಡಿದ. ಆಮೇಲೆ ನನ್ನ ಕಡೆ ತಿರುಗದೆ, "ಹಗ್ಗ ಈಗ ಸರಿ ಆತ್ರಿ" ಎಂದ. ಆ ವಾರವೆಲ್ಲ ಕತ್ತಲಾಗುವ ತನಕ ಚೆಂಡು ಎತ್ತಿದ.

ಹುಕ್ಕೇರಿಯಲ್ಲಿ ಗೆದ್ದೆವು. "ಎಂಟ ದಿನದಾಗ ಏನ ಜಾದೂ ಮಾಡಿದ್ಯೋ?" ಎಂದು ಕ್ಯಾಪ್ಟನ್ ಕೇಳಿದ. ಹುಡುಗ ಒಮ್ಮೆ ನನ್ನನ್ನು ನೋಡಿದ. "ಅಣ್ಣಾರ ಕಲಿಸಿದ್ರು" ಎಂದ. ಎಲ್ಲರೂ ನನ್ನ ಬೆನ್ನು ತಟ್ಟಿದರು. ನಾನು ನಕ್ಕೆ. ನಕ್ಕೆ, ನೋಡಿ.

ನನ್ನ ಬೆರಳು ಸೊಟ್ಟಗೆ ಕೂಡಿತು. ಜಾಗ ಅವನಿಗೇ ಉಳಿಯಿತು, ಉಳಿಯಬೇಕಾದದ್ದೇ. ಈಗಲೂ ಗೋಕಾಕದ ಸಂತೆಯಲ್ಲಿ ಸಿಗುತ್ತಾನೆ, ತಲೆ ಪೂರ್ತಿ ಬೆಳ್ಳಗೆ. "ಬರ್ರಿ ಅಣ್ಣಾರ" ಎಂದು ಎದ್ದು ಜಾಗ ಕೊಡುತ್ತಾನೆ. ನಾನು ಕೂತು ಮಳೆಯ ಮಾತು ತೆಗೆಯುತ್ತೇನೆ.

ನಾಳೆ ಅವನೂರು ತುಕ್ಕಾನಟ್ಟಿಯ ಬಸ್ಸು ಹತ್ತುತ್ತೇನೆ. ಅವನು ಎದ್ದು ಜಾಗ ಕೊಡುವ ಮೊದಲೇ, ನಿಂತುಕೊಂಡೇ ಹೇಳಿಬಿಡಬೇಕು: ಹಗ್ಗ ತಾನ ಇಳಿದಿತ್ತು, ಖರೆ, ಬಿಗೀಲಾರದ ಬಿಟ್ಟಾಂವ ನಾನು, ಬಾಳಪ್ಪಾ.