ನೀಲವ್ವತ್ತೆಯ ಕರಾರು

ನೀಲವ್ವತ್ತೆ ಮುಷ್ಟಿಯಲ್ಲಿ ಸಕ್ಕರೆ ಹಿಡಿದು ಕೂತಳೆಂದರೆ ಆ ಮುಷ್ಟಿ ಬಿಚ್ಚಿಸುವ ಗಂಡಸು ಗಜೇಂದ್ರಗಡದಲ್ಲಿ ಇರಲಿಲ್ಲ. ಹೆಂಗಸಂತೂ ಹುಟ್ಟಿಯೇ ಇರಲಿಲ್ಲ!

ನಮ್ಮ ಸೀಮೆ ಇನ್ನೂ ಮುಂಬಯಿ ರಾಜ್ಯಕ್ಕೆ ಸೇರಿದ್ದ ಕಾಲ. ನಮ್ಮ ಕಡೆ ಮಾತು ಗಟ್ಟಿಯಾದರೆ ಬಾಯಿಗೆ ಸಕ್ಕರೆ ಹಾಕುತ್ತಾರೆ. ಎತ್ತು ಕೊಂಡರೂ ಅಷ್ಟೇ, ಹೆಣ್ಣು ಗೊತ್ತಾದರೂ ಅಷ್ಟೇ. ನಮ್ಮ ಓಣಿಯಲ್ಲಿ ಸಕ್ಕರೆ ಹಾಕುವ ಆ ಕೈ ಅಪ್ಪನ ಅಕ್ಕ ನೀಲವ್ವತ್ತೆಯದು. ಓದಿದವರು ಷರತ್ತು ಎನ್ನುವುದಕ್ಕೆ ಆಕೆಯ ಬಾಯಲ್ಲಿ ಕರಾರು. ಅದನ್ನು ಯಾರು ನಡೆಸಬೇಕೋ ಅವರೇ ಬಾಯಿ ಬಿಟ್ಟು ಹೇಳಬೇಕು. ಬರೀ ಗೋಣು ಹಾಕಿದರೆ ನಡೆಯದು.

“ಗೋಣು ಎತ್ತೂ ಹಾಕ್ತೈತಿ,” ಎನ್ನುತ್ತಿದ್ದಳು. “ಬೇಡಾವರ ಬಾಯಾಗಿದ್ರ ಅದು ಆಸೆ. ಮಾಡಾವರ ಬಾಯಾಗಿಂದ ಬಂದ್ರ ಕರಾರ.”

ಒಮ್ಮೆ ಪಕ್ಕದ ಮನೆಯ ಶಾಂತವ್ವ ಶ್ಯಾವಿಗೆ ಮಣೆ ಕೇಳಲು ಬಂದಳು. ಅತ್ತೆ ಮಗ್ಗದಲ್ಲಿ ಕೂತಲ್ಲೇ ಲಾಳಿ ನಿಲ್ಲಿಸಿ, “ಒಯ್ಯಿ. ಕರಾರ ಹೇಳು,” ಎಂದಳು.

“ಸಂಜೀಕ ತರ್ತೀನಿ.”

“ಹ್ಯಾಂಗ?”

“ತೊಳದು.”

“ಹಸೀದ ತರ್ತೀ?”

“ಒಣಗಿಸಿ ತರ್ತೀನಿ ನಮ್ಮವ್ವಾ! ಮಣೀ ಕೇಳಾಕ ಬಂದೀನೋ, ಕೋರ್ಟಿಗೆ ಬಂದೀನೋ?”

“ಕೋರ್ಟಿನ್ಯಾಗ ಶ್ಯಾವಿಗಿ ಸಿಗಂಗಿಲ್ಲ. ಒಂದ ತಾಟು ಕಳಸ್ತೀನಿ ಅಂತನೂ ನೀನ ಹೇಳಿಬಿಡು.”

ಶಾಂತವ್ವ ನಗುತ್ತ ಅದನ್ನೂ ಹೇಳಿಯೇ ಮಣೆ ಎತ್ತಿಕೊಂಡಳು.

ನಾನು ರಾಜೂರಿನಿಂದ ಬಂದು ಅತ್ತೆಯ ಮನೆಯಲ್ಲಿದ್ದು ಶಾಲೆ ಕಲಿಯುತ್ತಿದ್ದೆ. ತಡವಾಗಿ ಸೇರಿದವಳು, ರೋಣದಲ್ಲಿ ನಡೆಯುವ ಏಳನೇ ತರಗತಿಯ ಮುಲ್ಕಿ ಪರೀಕ್ಷೆ ಹತ್ತಿರ ಬಂದಾಗ ಹದಿನೆಂಟು ತುಂಬಿತ್ತು. ಅದೊಂದು ಪಾಸಾದರೆ ನಾನೂ ಶಾಲೆಯಲ್ಲಿ ಪಾಠ ಹೇಳುವ ಅಕ್ಕೋರು! ಅಷ್ಟರಲ್ಲಿ ನರಗುಂದದಿಂದ ಸಂಬಂಧ ಬಂತು. ಹುಡುಗ ಒಪ್ಪಿದ, ನಾನೂ ಒಪ್ಪಿದೆ. ಆದರೆ ಲಗ್ನ ಪರೀಕ್ಷೆಗೆ ಮೊದಲೇ ಆಗಬೇಕು ಎಂದರು, ಮಾತು ಗಟ್ಟಿಮಾಡಲು ಅತ್ತೆಯ ಮನೆಗೆ ಬಂದ ಬೀಗರು.

“ಪರೀಕ್ಷಾ ಹ್ಯಾಂಗ್ರಿ ಮತ್ತ?” ಅಪ್ಪ ಅಂಜುತ್ತಲೇ ಕೇಳಿದ.

“ಆತಾತು, ನೋಡೂಣು,” ಎಂದರು ಹುಡುಗನ ತಾಯಿ ಬಸಮ್ಮನವರು.

ಅಪ್ಪನಿಗೆ ಅಷ್ಟೇ ಸಾಕಾಯಿತು. “ಅಕ್ಕಾ, ಸಕ್ರಿ ಹಾಕು.”

ಮುಷ್ಟಿ ಬಿಚ್ಚಲಿಲ್ಲ! ಬಾಗಿಲ ಹಿಂದೆ ನಿಂತಿದ್ದ ನಾನು ಸಂದಿಗೆ ಕಣ್ಣಿಟ್ಟೆ.

“ನೋಡೂಣು ಅನ್ನೂದು ಕರಾರ ಅಲ್ರಿ ಬೀಗ್ತೇರ.”

“ಏನ ಅನ್ನಬೇಕು ನಾ?”

“ನಾ ಹೇಳಿಕೊಟ್ರ ನನ್ನ ಆಸೆ ಆತು. ನೀವ ಹೇಳ್ರಿ.”

“ಅಕ್ಕಾ, ಸಾಕ ಬಿಡು. ಕೂಡಿದ್ದು ಮುರದೀತು,” ಅಪ್ಪ ಪಿಸುಗುಟ್ಟಿದ.

“ಮುರಿಯೂದಿದ್ರ ಇಲ್ಲೇ ಮುರೀಲಿ. ನರಗುಂದಕ್ಕ ಹೋಗಿ ಮುರಿಯೂದು ಬ್ಯಾಡ.”

ಬಸಮ್ಮನವರು ಸೆರಗು ಕೊಡವಿ ಎದ್ದೇಬಿಟ್ಟರು. ಹೋದರೆಂದೇ ತಿಳಿದೆ. ಅವರು ನೇರ ಅತ್ತೆಯ ಎದುರಿಗೆ ಬಂದು ಚಕ್ಕಳಮಕ್ಕಳ ಹಾಕಿ ಕೂತರು.

“ಲಗ್ನಾದ ಮ್ಯಾಲೂ ಹುಡಿಗಿನ್ನ ಪರೀಕ್ಷಾಕ್ಕ ಕೂಡಸ್ತೀನಿ. ಹೊಲದಾಗ ಎಷ್ಟ ಕೆಲಸ ಇದ್ರೂ ರೋಣಕ್ಕ ನಾನ ಕರಕೊಂಡು ಹೋಗ್ತೀನಿ. ಆತೇನ್ರಿ? ಈಗ ಹುಡಿಗೀನೂ ಒಂದ ಕರಾರ ಹೇಳಬೇಕು. ನಪಾಸಾದ್ರ ಏನ ಮಾಡ್ತಾಳ?”

ಬಾಗಿಲು ಬಿಟ್ಟು ಹೊರಗೆ ಬಂದು ಒದರಿದೆ: “ಅಳಂಗಿಲ್ರಿ! ಮತ್ತ ಕೂಡ್ತೀನಿ!”

ಮುಷ್ಟಿ ಬಿಚ್ಚಿತು. ಬೆವರಿಗೆ ಕರಗಿ ಅಂಟಾಗಿದ್ದ ಸಕ್ಕರೆಯನ್ನು ಬೀಗರೆಲ್ಲ ನಕ್ಕು ನಕ್ಕು ನೆಕ್ಕಿದರು.

ಮೊದಲ ಸಲ ನಪಾಸಾದೆ. ಅಳಲಿಲ್ಲ. ಮರುವರ್ಷವೂ ಬಸಮ್ಮನವರು ಜೋಳದ ರಾಶಿ ಬಿಟ್ಟು ನನ್ನನ್ನು ರೋಣಕ್ಕೆ ಕರೆದೊಯ್ದರು. ದಾರಿಯುದ್ದಕ್ಕೂ, “ನಿಮ್ಮತ್ತಿ ಬಾಯಾಗ ಹೇಳಿಸಿ ಸಿಗಿಸ್ಯಾಳ ನೋಡು ನನ್ನ,” ಎಂದು ಬೈದುಕೊಳ್ಳುತ್ತಲೇ ಬಂದರು.

ಅತ್ತೆಯನ್ನು ಕೊನೆಯದಾಗಿ ಕಂಡದ್ದು ಪಾಸಾದ ಸುದ್ದಿ ಹೊತ್ತು ಗಜೇಂದ್ರಗಡಕ್ಕೆ ಓಡಿದ ದಿನ. ಮಗ್ಗ ನಿಂತಿತ್ತು. ಅತ್ತೆ ಹಾಸಿಗೆ ಹಿಡಿದಿದ್ದಳು. ಸುದ್ದಿ ಕೇಳಿದ್ದೇ ಎದ್ದು ಕೂತು ಸಕ್ಕರೆ ಡಬ್ಬಿ ತರಿಸಿ ಮುಷ್ಟಿ ತುಂಬಿಕೊಂಡಳು.

“ಅತ್ತಿ, ನಾ ಅಕ್ಕೋರಾಗಿ ಸಾಲಿಗೆ ಹೋಗೂ ಮೊದಲನೇ ದಿನ ನೀ ಬರಬೇಕು,” ಎಂದೆ. “ಹಂಗಲ್ಲ, ಕರಾರ! ನೀನ ಬಾಯಿ ಬಿಟ್ಟು ಹೇಳು.”

ಅತ್ತೆ ಮಗ್ಗದ ಕಡೆ ನೋಡಿದಳು. ನನ್ನ ಕಡೆ ನೋಡಿ ನಕ್ಕಳು.

“ಬಾಯಿ ತೆಗಿ,” ಎಂದು ಸಕ್ಕರೆ ಹಾಕಿದಳು. “ಇದಕ್ಕ ಕರಾರಿಲ್ಲವ್ವಾ.”

ಬಸ್ಸಿಗೆ ಹೊತ್ತಾಗಿತ್ತು. ಚಪ್ಪರಿಸುತ್ತ, ಕುಣಿಯುತ್ತ ಓಡಿದೆ. ಆಕೆ ‘ಬರ್ತೀನಿ’ ಎನ್ನಲೇ ಇಲ್ಲವೆಂಬುದು ಹೊಳೆದದ್ದು ಬಸ್ಸು ರೋಣ ದಾಟಿದ ಮೇಲೆ.